ಭಾರ ಮೊದಲೇ ಕೂತಿದೆ

ಅಣ್ಣತಮ್ಮಂದಿರು ಬೇರೆಯಾದಾಗ ಮನೆಯೂ ಪಾಲಾಗುತ್ತದೆ. ನಡುವೆ ಒಂದು ಗೋಡೆ ಏಳುತ್ತದೆ, ತಲೆಬಾಗಿಲು ಒಬ್ಬರ ಕಡೆಗೆ ಉಳಿಯುತ್ತದೆ, ಇನ್ನೊಬ್ಬರು ಪಡಸಾಲೆಯ ಹೊರಗೋಡೆ ಒಡೆದು ತಮ್ಮದೊಂದು ಬಾಗಿಲು ಇಟ್ಟುಕೊಳ್ಳುತ್ತಾರೆ. ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಊರಿನಲ್ಲಿ, ಮಣ್ಣಿನ ಗೋಡೆಯ ಹಂಚಿನ ಮನೆಗೆ ಇದು ಸಣ್ಣ ಕೆಲಸವಲ್ಲ. ಗೌಂಡಿಯನ್ನು ಕರೆಯುವ ಮೊದಲು ದಿಕ್ಕು ಕೇಳುತ್ತೇವೆ, ಮುಹೂರ್ತ ಕೇಳುತ್ತೇವೆ. ಒಡೆಯಲಿರುವ ಗೋಡೆಯ ನೆತ್ತಿಯ ಮೇಲೆ ಏನೇನು ಕೂತಿದೆ ಎಂದು ಕೇಳುವುದು ಅಪರೂಪ.

ಸನವಳ್ಳಿಯಲ್ಲಿ ಜಲಾಶಯವಿದೆ. ಏರಿ, ತೂಬು ಎಂದರೆ ಏನೆಂದು ಅಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಕೆರೆಗಳಲ್ಲಿ ಮೊದಲು ತೂಬಿನ ಕಾಲುವೆ ಕಟ್ಟಿ, ಅದಕ್ಕೆ ಚಪ್ಪಡಿ ಮುಚ್ಚಿ, ಆಮೇಲೆ ಅದರ ಮೇಲೆ ಏರಿಯ ಮಣ್ಣು ಹಾಕುತ್ತಿದ್ದರು. ಮನೆ ಕಟ್ಟುವಾಗಲೂ ಹಾಗೆಯೇ: ಮೊದಲು ಬಾಗಿಲು, ಅದರ ಮೇಲೆ ತೊಲೆ, ಭಾರ ಕೊನೆಗೆ. ನಿಂತ ಗೋಡೆಯನ್ನು ಒಡೆಯುವಾಗ ಈ ಕ್ರಮ ತಲೆಕೆಳಗಾಗುತ್ತದೆ. ಭಾರ ಮೊದಲೇ ಬಂದು ಕೂತಿದೆ. ನಾವು ಅದರ ಕಾಲು ತೆಗೆಯಲು ಹೊರಟಿದ್ದೇವೆ.

ಎಷ್ಟು ಭಾರ? ಬಾಗಿಲಿನ ಮೇಲೆ ಗೋಡೆ ಸಾಕಷ್ಟು ಎತ್ತರವಿದ್ದು, ಎರಡೂ ಪಕ್ಕದಲ್ಲಿ ಗಟ್ಟಿಯಾಗಿ ಮುಂದುವರಿದಿದ್ದರೆ, ಅದು ತನ್ನೊಳಗೇ ಕಮಾನಿನಂತೆ ಬಾಗಿ ಮೇಲಿನ ಭಾರವನ್ನು ಪಕ್ಕಕ್ಕೆ ದಾಟಿಸುತ್ತದೆ. ತೊಲೆಯ ಪಾಲಿಗೆ ಬರುವುದು ಬಾಗಿಲಗಲದ ಮೇಲೆ ನಿಂತ ಸಮಬಾಹು ಮುಕ್ಕೋನದಷ್ಟು ಗೋಡೆ. 4 ಅಡಿ ಅಗಲದ ಬಾಗಿಲು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಎಂದಿಟ್ಟುಕೊಂಡರೆ ಆ ಮುಕ್ಕೋನವೇ ಸುಮಾರು 500 ಕಿಲೊ. ಆದರೆ ಮುಕ್ಕೋನ ಪೂರ್ತಿಯಾಗಲು ಬಾಗಿಲಿನ ಮೇಲೆ ಮೂರೂವರೆ ಅಡಿ ಗೋಡೆ ಬೇಕು. ಸೂರಿನ ಕಡೆಯ ಗೋಡೆಗಳಲ್ಲಿ ಅಷ್ಟೆಲ್ಲಿ? ಒಂದೆರಡು ಅಡಿ ಉಳಿದರೆ ಹೆಚ್ಚು. ಅಲ್ಲಿ ಕಮಾನು ಹುಟ್ಟುವುದಿಲ್ಲ. ಪಕಾಸಿ, ರೀಪು, ಹಂಚು ಎಲ್ಲವೂ ನೇರ ತೊಲೆಯ ಮೇಲೆ ಇಳಿಯುತ್ತವೆ. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಹದಿನೈದರಷ್ಟು ಬೇಕು, ಒಂದೊಂದೂ ಎರಡು ಕಿಲೊಗಿಂತ ಹೆಚ್ಚು. ಮಳೆ ಹಿಡಿದರೆ ನೀರು ಕುಡಿದು ಇನ್ನೂ ತೂಗುತ್ತದೆ. ಗೋಡೆ ಗಿಡ್ಡವಿದೆ, ಭಾರ ಕಡಿಮೆ ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಆದ್ದರಿಂದ ಹಾರೆ ಎತ್ತುವ ಮೊದಲು ಆಧಾರ. ಸೂರಿನ ಗೋಡೆಯಾದರೆ ಒಳಗಡೆ ಪಕಾಸಿಗಳ ಕೆಳಗೆ ಅಡ್ಡ ತೊಲೆ ಕೊಟ್ಟು ಕಂಬಗಳ ಮೇಲೆ ನಿಲ್ಲಿಸಬೇಕು. ಕಂಬದ ಬುಡಕ್ಕೆ ಅಗಲವಾದ ಹಲಗೆ ಇರಲಿ. ಸಾರಿಸಿದ ಮಣ್ಣಿನ ನೆಲದಲ್ಲಿ ಬರಿಗಂಬ ಇಳಿದುಬಿಡುತ್ತದೆ. ಗೋಡೆ ಎತ್ತರವಿದ್ದರೆ ಬಾಗಿಲಿನ ಗುರುತಿಗಿಂತ ಮೇಲೆ ಅಲ್ಲಲ್ಲಿ ತೂತು ಕೊರೆದು, ಗೋಡೆಯ ಆಚೆಗೂ ಈಚೆಗೂ ಚಾಚುವಂತೆ ಗಟ್ಟಿ ಮರದ ತುಂಡು ತೂರಿಸಿ, ಎರಡೂ ತುದಿಗೆ ಕಂಬ ಕೊಟ್ಟು, ಭಾರ ಕಂಬಕ್ಕೆ ಬರುವವರೆಗೆ ಬೆಣೆ ಬಡಿಯಬೇಕು. ಬೆಣೆ ಸಡಿಲವಿದ್ದರೆ ಕಂಬ ಇದ್ದೂ ಇಲ್ಲದಂತೆ. ಆಮೇಲೆ ತೊಲೆ ಕೂರುವಷ್ಟು ಮಾತ್ರ ಸಂದು ಕೊರೆದು, ತೊಲೆ ಕೂರಿಸಿ, ಅದರ ಮೇಲಿನ ಸಂದಿಗೆ ಗಟ್ಟಿ ಗಾರೆ ಒತ್ತಿ ತುಂಬಬೇಕು. ಕೆಳಗಿನ ಗೋಡೆಯನ್ನು ಒಡೆಯುವುದು ಕೊನೆಗೆ.

ತೊಲೆಗೆ ಸಾಗವಾನಿಯೂ ಆದೀತು, ಗೆದ್ದಲಿನ ಭಯವೊಂದು ಬಿಟ್ಟರೆ ಮತ್ತಿಯೂ ಆದೀತು. ಕಾಂಕ್ರೀಟಾದರೆ ಮುಖ್ಯ ಸರಳು ಕೆಳಮೈಯಲ್ಲಿರಬೇಕು, ಏಕೆಂದರೆ ಭಾರ ಬಿದ್ದಾಗ ಹಿಗ್ಗಿ ಬಿರಿಯುವುದು ಕೆಳಮೈಯೇ. ಕಲ್ಲಿನ ತೊಲೆಗಳು ನಡುವಿನಲ್ಲಿ, ಕೆಳಗಿನಿಂದ ಬಿರುಕು ಬಿಡುವುದೂ ಇದಕ್ಕೇ. ಇಟ್ಟಿಗೆಯ ಗೋಡೆಯಲ್ಲಿ ತೊಲೆಯ ತುದಿ ಎರಡೂ ಕಡೆ ಅರ್ಧ ಅಡಿಗೆ ಕಡಿಮೆಯಿಲ್ಲದಂತೆ ಕೂರಬೇಕು. ಮಣ್ಣಿನ ಗೋಡೆಯಲ್ಲಿ ಇನ್ನೂ ಹೆಚ್ಚು, ಅದೂ ಹಾಸುಗಲ್ಲಿನ ಮೇಲೆ. ಇಲ್ಲದಿದ್ದರೆ ತೊಲೆ ಗಟ್ಟಿಯಾಗಿಯೇ ಇದ್ದು ಅದರ ಅಡಿಯ ಮಣ್ಣು ಜಜ್ಜಿಹೋಗುತ್ತದೆ. ಮನೆಯ ಮೂಲೆಯಿಂದ ಎರಡಡಿಯನ್ನಾದರೂ ಬಿಡಿ. ಚೌಕಟ್ಟು ಎಷ್ಟೇ ಒಳ್ಳೆಯ ಮರದ್ದಾಗಿರಲಿ, ಅದನ್ನು ಮೇಲಿನ ಭಾರಕ್ಕೆ ಒಡ್ಡಬಾರದು. ಅದು ಕದ ಹೊರಲಿಕ್ಕೆ ಇರುವುದು.

ಹೊಸ್ತಿಲಿಗೆ ನಾವು ದಿನವೂ ನೀರು ಹಾಕಿ ಅರಿಸಿನ ಕುಂಕುಮ ಇಡುತ್ತೇವೆ. ಅದರ ನೆತ್ತಿಯ ತೊಲೆಗೆ ಯುಗಾದಿಯಂದು ಮಾವಿನೆಲೆ ಸಿಕ್ಕರೆ ಸಿಕ್ಕಿತು. ನನಗೆ ಆ ತೊಲೆಯ ಮೇಲೆಯೇ ಹೆಚ್ಚು ಅಕ್ಕರೆ.

ಗೋಡೆ ಒಡೆಯುವ ಕೆಲಸ ಸುಗ್ಗಿಯ ನಂತರ, ಮಣ್ಣು ಒಣಗಿರುವಾಗಲೇ ಆಗಬೇಕು. ನೆನೆದ ಮಣ್ಣಿನ ಗೋಡೆಗೆ ಬಲ ಅರ್ಧವೂ ಉಳಿಯುವುದಿಲ್ಲ. ಕಾಂಕ್ರೀಟಿನ ತೊಲೆಯನ್ನು ಅಲ್ಲೇ ಎರಕ ಹೊಯ್ದಿದ್ದರೆ ಎರಡು ವಾರ ಕಂಬ ಮುಟ್ಟಬಾರದು, ಗೃಹಶಾಂತಿಯ ದಿನ ಹತ್ತಿರ ಬಂದಿದ್ದರೂ ಸರಿ. ಬೆಣೆಗಳನ್ನು ಒಂದೇ ಏಟಿಗೆ ಕೀಳಬಾರದು. ಇಂದು ಸ್ವಲ್ಪ ಸಡಿಲಿಸಿ, ನಾಳೆ ಬೆಳಿಗ್ಗೆ ಬಾಗಿಲಿನ ಎರಡು ಮೇಲ್ಮೂಲೆಗಳಿಂದ ಓರೆಯಾಗಿ ಬಿರುಕು ಏರಿದೆಯೇ ನೋಡಬೇಕು. ಏರಿಲ್ಲವೆಂದರೆ ಕಂಬ ತೆಗೆದು, ತೂತುಗಳಿಗೆ ಮಣ್ಣು ಮೆತ್ತಿ, ಗೋಡೆಗೆ ಸುಣ್ಣ ಹೊಡೆಯಬಹುದು.