ನೆಲದ ಋಣ ಯಾರ ಮೇಲೆ?

ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಹೋಗುವ ನೇರಳೆ ಮಾರ್ಗದಲ್ಲಿ, ಐಟಿಪಿಎಲ್ ಸಮೀಪ, ಪಟ್ಟಂದೂರು ಅಗ್ರಹಾರ ಎಂಬ ಮೆಟ್ರೊ ನಿಲ್ದಾಣವಿದೆ. 2023ರ ಮಾರ್ಚ್‌ನಲ್ಲಿ ಅಲ್ಲಿಗೆ ರೈಲು ಬಂತು. ಇದೇ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದವನು ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಲಾನ್ ಎಂದು ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನ ಹೇಳುತ್ತದೆ. ಆ ಕಲ್ಲಿಗೂ ಈ ರೈಲಿಗೂ ನಡುವೆ 980 ವರ್ಷ. ಹೋದ ತಿಂಗಳು ಕೆಲಸಕ್ಕೆಂದು ಬಂದು ಈ ಕಡೆ ಪಿಜಿ ಹಿಡಿದ ಹುಡುಗನಿಗೂ ಆ ಕೆರೆ ಕಟ್ಟಿಸಿದವನಿಗೂ ಏನಾದರೂ ಸಂಬಂಧವಿದೆಯೇ? ಇದೆ ಎನ್ನುವುದು ನನ್ನ ವಾದ. ಸ್ಮಾರಕದ ಋಣ ರಕ್ತದ ಹಿಂದೆ ಹೋಗುವುದಿಲ್ಲ, ಭಾಷೆಯ ಹಿಂದೆಯೂ ಹೋಗುವುದಿಲ್ಲ. ಆ ನೆಲದಲ್ಲಿ ಉಂಡು ಬಾಳುವವರು ಯಾರೋ ಅವರ ಮೇಲೆ ಅದು ಬೀಳುತ್ತದೆ.

ಮೊದಲ ಆಕ್ಷೇಪ ಹಳೆಯದು. ಸತ್ತವರಿಗೆ ಏನೂ ತಿಳಿಯುವುದಿಲ್ಲ; ತಿಳಿಯದವರಿಗೆ ಸಾಲ ತೀರಿಸುವುದು ಹೇಗೆ? ಚಾರ್ವಾಕರು ಶ್ರಾದ್ಧವನ್ನು ಪ್ರಶ್ನಿಸಿದ್ದು ಹೀಗೆಯೇ, ಮತ್ತು ಆ ಪ್ರಶ್ನೆಯನ್ನು ತನ್ನ ಸರ್ವದರ್ಶನಸಂಗ್ರಹದಲ್ಲಿ ಮೊಟ್ಟಮೊದಲಿಗೆ ಇಟ್ಟವನು ವಿಜಯನಗರ ಕಾಲದ ಮಾಧವ. ಇಲ್ಲಿಟ್ಟ ಪಿಂಡ ಅಲ್ಲಿಗೆ ತಲುಪುತ್ತದೆಂದು ಸಾಧಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಋಣದ ವಿಚಾರ ಪಿತೃಗಳಿಗೆ ಮುಗಿಯುವುದಿಲ್ಲ. ಶತಪಥ ಬ್ರಾಹ್ಮಣವು ದೇವ, ಋಷಿ, ಪಿತೃ ಋಣಗಳ ಜೊತೆಗೆ ಮನುಷ್ಯರ ಋಣವನ್ನೂ ಹೇಳಿ, ಅದನ್ನು ತೀರಿಸುವ ದಾರಿ ಬಂದವರಿಗೆ ಇರಲು ಜಾಗ, ತಿನ್ನಲು ಅನ್ನ ಕೊಡುವುದು ಎನ್ನುತ್ತದೆ. ಪಡೆದವರು ಕೊಟ್ಟವರಿಗೇ ಹಿಂತಿರುಗಿಸಬೇಕು ಎಂಬ ಕರಾರು ಅದರಲ್ಲಿಲ್ಲ. ಕೆರೆ ಕಟ್ಟಿಸಿದವನಿಗೆ ನೀರು ಹಿಂದಕ್ಕೆ ಕೊಡಲಾಗದು. ಕೆರೆಯನ್ನು ಉಳಿಸಿ ಮುಂದಿನವರಿಗೆ ಕೊಡಬಹುದು. ಸತ್ತವನಿಗೆ ತಿಳಿಯಿತೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿ ಅಡ್ಡ ಬರುವುದೇ ಇಲ್ಲ.

ಎರಡನೆಯ ಆಕ್ಷೇಪ ಇವತ್ತಿನದು: ವೈಟ್‌ಫೀಲ್ಡಿನ ಬಹುಪಾಲು ಜನ ಬೇರೆ ಕಡೆಯಿಂದ ಬಂದವರು, ಈ ಕಲ್ಲು ಅವರದಲ್ಲ. ಹಾಗೆ ನೋಡಿದರೆ ಆ ಕಲ್ಲು ಯಾರದು? ಭಾಷೆ ತಮಿಳು, ದೊರೆ ಚೋಳ, ಕಟ್ಟಿಸಿದವನ ಅಪ್ಪನ ಹೆಸರು ಕನ್ನಡದ ಗಾವುಂಡ. ಊರು ಅಂದೂ ಬೆರಕೆಯೇ ಆಗಿತ್ತು. ದಾನ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಶಾಪವನ್ನು ನೋಡಿ: ಇದನ್ನು ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಅರ್ಥದ ಮಾತು. ಅದು ಮಗನಿಗೋ ಮೊಮ್ಮಗನಿಗೋ ಹೇಳಿದ್ದಲ್ಲ. ಮುಂದೆಂದೋ ಬರಲಿರುವ, ಮುಖ ಪರಿಚಯವಿಲ್ಲದ ಯಾರಿಗೋ ಹೇಳಿದ್ದು. ಕಲ್ಲು ಕೆತ್ತಿಸಿದವರಿಗೆ ಹೊಸಬರು ಬರುತ್ತಾರೆಂಬುದು ಗೊತ್ತಿತ್ತು. ಅವರನ್ನೇ ಉದ್ದೇಶಿಸಿ ಬರೆಸಿದರು. ಹಾಗಾಗಿ ಒಡಿಶಾದಿಂದ, ಆಂಧ್ರದಿಂದ, ಬಿಹಾರದಿಂದ ಬಂದು ಇಲ್ಲಿ ದುಡಿಯುವವರು ಆ ಕಲ್ಲಿನ ಮಾತಿಗೆ ಹೊರಗಿನವರಲ್ಲ. ಇಲ್ಲಿಯೇ ಹುಟ್ಟಿದೆವೆಂದು ಹೇಳಿಕೊಂಡು ಕೆರೆಯಂಗಳ ಒತ್ತುವರಿ ಮಾಡಿದವರಿಗೆ ಆ ಶಾಪದಿಂದ ವಿನಾಯಿತಿಯೂ ಇಲ್ಲ.

ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿಗೆ ಬಂದರೆ ವಾದ ಕಠಿಣವಾಗುತ್ತದೆ. ನಾಗೇಶ್ವರ ದೇಗುಲದಲ್ಲಿ ಸುಮಾರು 890ರದೆಂದು ಹೇಳುವ ವೀರಗಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಮಡಿದದ್ದನ್ನು ಅದು ದಾಖಲಿಸುತ್ತದೆ. ನಮ್ಮ ನಗರದ ಹೆಸರು ಮೊದಲು ಕಾಣಿಸುವ ಕಲ್ಲುಗಳಲ್ಲಿ ಅದೊಂದು. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ: ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ರಣ. ಗಂಗರ ಎರೆಯಪ್ಪನಿಗೂ ವೀರಮಹೇಂದ್ರನಿಗೂ ನಡೆದ ಯುದ್ಧದಲ್ಲಿ ನಾಗತ್ತರ ಸತ್ತ. ಇಬ್ಬರು ಅರಸರ ಜಗಳಕ್ಕೆ ಪ್ರಾಣ ಕೊಟ್ಟವನನ್ನು ನಾವೇಕೆ ಗೌರವಿಸಬೇಕು? ಈ ಪ್ರಶ್ನೆ ನ್ಯಾಯವಾದದ್ದು. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೂ ಒಡೆಯನ ಹಟಕ್ಕೆ ಸತ್ತವನಿಗೂ ಒಂದೇ ಬಗೆಯ ಕಲ್ಲು ನಿಲ್ಲಿಸಿದ್ದಾರೆ. ಎರಡನ್ನೂ ಒಂದೇ ತೂಕದಲ್ಲಿ ಮೆಚ್ಚಲು ನನ್ನಿಂದಾಗದು. ಆದರೆ ವೀರಗಲ್ಲಿನ ಸಾಮಾನ್ಯ ವಿನ್ಯಾಸವನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಎದುರು ಅಥವಾ ಜಿನನ ಎದುರು ಕುಳಿತವನು. ಯುದ್ಧ ಮೇಲಿನ ಪಟ್ಟಿಕೆಗೆ ಹತ್ತುವುದಿಲ್ಲ. ಮೇಲಕ್ಕೆ ಹೋಗುವವನು ಸತ್ತವನೊಬ್ಬನೇ. ಅವನ ಒಡೆಯನ ಉದ್ದೇಶವನ್ನು ಒಪ್ಪದೆಯೂ ಅವನನ್ನು ನೆನೆಯಬಹುದು ಎಂಬುದನ್ನು ಶಿಲ್ಪವೇ ತೋರಿಸಿದೆ.

ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದ ಬಸವಣ್ಣನವರ ನಾಡಿನಲ್ಲಿ ಕಲ್ಲಿಗೆ ಇಷ್ಟು ಮಹತ್ವ ಬೇಕೇ ಎಂದು ಕೇಳುವವರಿದ್ದಾರೆ. ಹೊರವಲಯದ ಹಳ್ಳಿಗಳಲ್ಲಿ ನಡೆದದ್ದನ್ನು ನೋಡಿದರೆ ಉತ್ತರ ಸಿಗುತ್ತದೆ. ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಊರವರು ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಯಾವುದೋ ದೇವರ ಹೆಸರಿನಿಂದ ಕೈಮುಗಿದರು. ಅಕ್ಷರ ಮುಚ್ಚಿಹೋಯಿತೆಂದು ಶಾಸನ ಓದುವವರು ಸಂಕಟಪಡುತ್ತಾರೆ, ಅದು ಸರಿಯಾದ ಸಂಕಟವೇ. ಆದರೂ ಪೂಜೆಯಿದ್ದ ಕಲ್ಲನ್ನು ಬಡಾವಣೆ ಮಾಡುವಾಗ ಜೆಸಿಬಿಯವನು ಮುಟ್ಟಲು ಹಿಂಜರಿಯುತ್ತಾನೆ. ಪೂಜೆಯಿಲ್ಲದ ಕಲ್ಲು ಪಾಯಕ್ಕೆ ಹೋಗುವ ಅಪಾಯವಿದೆ. ಊರವರು ಸತ್ತವನು ಯಾರೆಂಬುದನ್ನು ಮರೆತರು, ಇಲ್ಲಿ ಗೌರವಿಸಬೇಕಾದ್ದೊಂದು ಇದೆ ಎಂಬುದನ್ನು ಮರೆಯಲಿಲ್ಲ. ನಡೆಯುವ ಜನರ ಕೈಯಲ್ಲಿ ಉಳಿದದ್ದರಿಂದಲೇ ನಿಂತ ಕಲ್ಲು ಉಳಿಯಿತು. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸವೆದ ಅಕ್ಷರವನ್ನೂ ಓದುತ್ತಿದ್ದಾರೆ. ಇದು ಬಹಳ ದೊಡ್ಡ ಕೆಲಸ. ಆದರೆ ಕಂಪ್ಯೂಟರಿನಲ್ಲಿ ಪ್ರತಿಯಿದೆ ಎಂದು ಕಲ್ಲನ್ನು ಅದರ ಜಾಗದಿಂದ ಕಿತ್ತರೆ, ಅಲ್ಲಿ ಬಾಳುವವರಿಗೆ ಹೇಳಿದ ಮಾತು ಅವರ ಕಿವಿಗೇ ಬೀಳುವುದಿಲ್ಲ.

ಸ್ಮಾರಕಕ್ಕೆ ಜನ ಓಡಾಡುವ ಜಾಗವೇ ಬೇಕು. ಸ್ಕಾಟ್ಲೆಂಡಿನ ಪೇಟೆಗಳಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ ಊರ ನಡುಮಧ್ಯದಲ್ಲೇ ಇರುವುದುಂಟು; ಪೇಸ್ಲಿಯಲ್ಲಿ 1924ರಲ್ಲಿ ಅನಾವರಣವಾದದ್ದು ಪೇಟೆಯ ಕೂಡುರಸ್ತೆಯಲ್ಲೇ ನಿಂತಿದೆ. ನಮ್ಮ ಹೊರವಲಯಕ್ಕೆ ಅಂಥ ನಡುಮಧ್ಯವಿಲ್ಲ; ಗೇಟುಗಳಿವೆ, ಜಂಕ್ಷನ್‌ಗಳಿವೆ, ಈಗ ನಿಲ್ದಾಣಗಳಿವೆ. ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರದ ಜೊತೆಗೆ ಇನ್ಫೊಸಿಸ್ ಫೌಂಡೇಶನ್ ಹೆಸರು, ಹೆಬ್ಬಗೋಡಿಯ ಜೊತೆಗೆ ಬಯೋಕಾನ್ ಹೆಸರು ಸೇರಿದೆ. ಇದನ್ನು ತಪ್ಪೆನ್ನಲಾರೆ, ರಾಜರಾಜ ವೇಲಾನನದೂ ದಾನಿಯ ಕಲ್ಲೇ. ಕೊಟ್ಟವರ ಹೆಸರು ಬರೆಸುವ ಪದ್ಧತಿಯನ್ನು ನಾವು ಉಳಿಸಿಕೊಂಡಿದ್ದೇವೆ. ಉಳಿಸಿಕೊಳ್ಳದೇ ಹೋದದ್ದು ಇನ್ನೊಂದು ಪದ್ಧತಿಯನ್ನು, ಪ್ರಾಣ ಕೊಟ್ಟವರ ಹೆಸರು ಬರೆಸುವುದನ್ನು. ಪೀಣ್ಯದ ಪ್ರೆಸ್ಸು, ಲೇತುಗಳ ಮುಂದೆ ದುಡಿಯುತ್ತಾ ಸತ್ತವರಿಗೆ, ಈ ಗಾಜಿನ ಕಟ್ಟಡಗಳ ಸಾರುವೆಯಿಂದ ಬಿದ್ದವರಿಗೆ ಊರು ಒಂದು ಕಲ್ಲು ನಿಲ್ಲಿಸಬೇಕು. ಪಟ್ಟಂದೂರಿನ ಶಾಸನದಲ್ಲೂ ಮಣ್ಣು ಹೊತ್ತವರು ಹೆಸರಿನಿಂದ ಕಾಣುವುದಿಲ್ಲ. ಆ ಲೋಪ ನಮ್ಮ ಲೋಪಕ್ಕೆ ನೆಪವಾಗಬಾರದು, ತೀರಿಸದೆ ಬಿಟ್ಟ ಬಾಕಿಯೆಂದು ಎಣಿಸಬೇಕು.

ಕಾನೂನಿನ ಪ್ರಕಾರ ಪರಿಹಾರ ಕೊಡುತ್ತಾರಲ್ಲ, ಕಲ್ಲೇಕೆ ಎನ್ನಬಹುದು. ಪರಿಹಾರ ಮನೆಯವರಿಗೆ ಸಲ್ಲುವುದು. ಅದು ಪೂರ್ತಿಯಾಗಿ, ತಡವಿಲ್ಲದೆ ಸಲ್ಲಬೇಕು. ಹಿಂದೆಯೂ ಅದಿತ್ತು: ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದರು. ನಾಗತ್ತರ ಸತ್ತ ಮೇಲೆ ಅವನ ಪದವಿ ಇರುಗನೆಂಬವನಿಗೆ ಬಂತು, ಬೆಂಪೂರು ಸೀಮೆಯ ಹನ್ನೆರಡು ಹಳ್ಳಿಗಳು ಅವನಿಗೆ ಕಲ್ನಾಡು ಎಂಬ ದತ್ತಿಯಾಗಿ ಸಿಕ್ಕವು. ಅಷ್ಟು ಕೊಟ್ಟ ಮೇಲೂ ಬೇಗೂರಿನಲ್ಲಿ ಕಲ್ಲು ನಿಲ್ಲಿಸಿದರು. ಭೂಮಿ ಮನೆತನಕ್ಕೆ ಸಂದಿತು. ಕಲ್ಲು ಊರಿಗೆ ಬರುವ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತು.