ಹಳೆಯ ದೋಣಿಯ ನಿಜವಾದ ಬೆಲೆ



ಗಲ್ಫಿಗೆ ಬಂದು ಏಳೆಂಟು ವರ್ಷ ದುಡಿದವನ ತಲೆಯಲ್ಲಿ ಒಂದು ಲೆಕ್ಕ ಸದಾ ಓಡುತ್ತಿರುತ್ತದೆ: ಊರಿಗೆ ಮರಳಿದ ಮೇಲೆ ಏನು ಮಾಡುವುದು? ಒಬ್ಬನಿಗೆ ಅಂಗಡಿಯ ಆಸೆ, ಇನ್ನೊಬ್ಬನಿಗೆ ಆಟೋರಿಕ್ಷಾ. ಉಳ್ಳಾಲ, ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿ ಕಡೆಯವನಿಗೆ ಒಂದು ದೋಣಿಯ ಆಸೆ. ಹೊಸದಕ್ಕೆ ಕೈ ಎಟುಕುವುದಿಲ್ಲ. ಹಾಗಾಗಿ ಊರಿನಿಂದ ತಮ್ಮನೋ ಭಾವನೋ ಹಳೆಯ ಫೈಬರ್ ದೋಣಿಯ ಫೋಟೋ ಕಳುಹಿಸುತ್ತಾರೆ. ಜೊತೆಗೆ ಒಂದು ಧ್ವನಿ ಸಂದೇಶ: “ಮೂರು ಲಕ್ಷ ಹೇಳುತ್ತಿದ್ದಾರೆ, ನಾಳೆಯೊಳಗೆ ಅಡ್ವಾನ್ಸ್ ಕೊಡದಿದ್ದರೆ ಬೇರೆಯವರು ಕೊಂಡೊಯ್ಯುತ್ತಾರೆ.”

ನಾನು ಲೆಕ್ಕ ಬರೆದು ಬದುಕುವವನು. ಹಾಗಾಗಿ ಇಂಥ ಫೋಟೋ ಹಿಡಿದು ಕೆಲವರು ನನ್ನ ಬಳಿ ಬರುತ್ತಾರೆ. “ಕಾಕ, ಇದನ್ನು ಕೊಳ್ಳಬಹುದಾ?” ಎಂದು ಕೇಳುತ್ತಾರೆ. ಮೇಲ್ನೋಟಕ್ಕೆ ಇದು ಹಣದ ಪ್ರಶ್ನೆ. ಆದರೆ ಇದರೊಳಗೆ ಇನ್ನೂ ಮೂರು ಪ್ರಶ್ನೆಗಳಿವೆ. ಮುಚ್ಚಿಟ್ಟದ್ದು ಏನು? ನಷ್ಟವಾದರೆ ಯಾರ ಹೆಗಲಿಗೆ? ಈ ದೋಣಿ ಹತ್ತಿ ಕಡಲಿಗೆ ಹೋಗುವವರು ಯಾರು? ಈ ಮೂರಕ್ಕೂ ಉತ್ತರ ಸಿಗದೆ ಬೆಲೆ ಹೆಚ್ಚೋ ಕಡಿಮೆಯೋ ಎಂದು ಹೇಳಲಾಗುವುದಿಲ್ಲ.

ಬಣ್ಣದ ಕೆಳಗೆ ಏನಿದೆ?

ಫೋಟೋದಲ್ಲಿ ಕಾಣುವುದು ಬಣ್ಣ. ಮಾರುವ ಮುನ್ನ ಹೊಸ ಬಣ್ಣ ಬಳಿಯುವುದು ಎಲ್ಲ ಕಡೆ ಇರುವ ರೂಢಿ. ದೋಣಿಯ ಆರೋಗ್ಯವನ್ನು ಧಕ್ಕೆಯಲ್ಲಿ ನಿಂತು, ಕೈಯಿಂದ ಮುಟ್ಟಿ ನೋಡಬೇಕು. ಸಣ್ಣ ಸುತ್ತಿಗೆಯಿಂದ ಫೈಬರ್ ಮೈಯನ್ನು ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ ಖಣಿ ಸದ್ದು ಬರುತ್ತದೆ; ಪದರ ಬಿಟ್ಟಿರುವ ಅಥವಾ ನೀರು ಕುಡಿದಿರುವ ಜಾಗದಲ್ಲಿ ಮಂದ ಸದ್ದು ಬರುತ್ತದೆ. ಮರಳಿನ ಮೇಲೆ ಎಳೆದು ಎಳೆದು ಅಡಿಭಾಗ ಸವೆದಿರುತ್ತದೆ. ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯ ಒಳಗೆ ಮರವಿದ್ದರೆ, ಬೋಲ್ಟಿನ ತೂತುಗಳ ಮೂಲಕ ಇಳಿದ ನೀರು ಅದನ್ನು ಕೊಳೆಯಿಸಿರಬಹುದು. ಎಂಜಿನ್ನನ್ನು ಹಿಡಿದು ಅಲುಗಾಡಿಸಿದಾಗ ಹಲಗೆಯೂ ಬಾಗಿದರೆ ಅಲ್ಲಿ ದೊಡ್ಡ ಖರ್ಚು ಕಾದಿದೆ ಎಂದು ತಿಳಿಯಿರಿ.

ಎಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏಕೆ ಎಂದು ಕೇಳಿ. ತಂಪು ಮಾಡುವ ನೀರು ಸಣ್ಣ ಧಾರೆಯಾಗಿ ಹೊರಗೆ ಚಿಮ್ಮುತ್ತಿರಬೇಕು. ಕೆಳಭಾಗದ ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಹೆಚ್ಚುಕಡಿಮೆ ಒಂದೇ ಇರಬೇಕು. ಇದನ್ನೆಲ್ಲ ನೋಡಲು ಮಾರುವವನ ಕಡೆಯ ಮೆಕ್ಯಾನಿಕ್ ಬೇಡ. ನೀವೇ ಕೂಲಿ ಕೊಟ್ಟು ಒಬ್ಬ ಮೆಕ್ಯಾನಿಕ್ಕನ್ನೂ ಒಬ್ಬ ಅನುಭವಿ ತಂಡೇಲನನ್ನೂ ಕಳುಹಿಸಿ. ನೋಂದಣಿ ಯಾರ ಹೆಸರಿನಲ್ಲಿದೆ, ಮೀನುಗಾರಿಕೆ ಪರವಾನಗಿ ಚಾಲ್ತಿಯಲ್ಲಿದೆಯೇ, ದೋಣಿಯ ಮೇಲೆ ಬ್ಯಾಂಕಿನ ಅಥವಾ ಸೊಸೈಟಿಯ ಸಾಲವಿದೆಯೇ ಎಂಬುದನ್ನೂ ಕಾಗದದಲ್ಲೇ ನೋಡಿ.

ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ತಾಗಿದ ಘಟನೆ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ಅವರು ಕೇಳಿದರು. ಒದ್ದೆ ಧಾನ್ಯ ಮಾರಬಾರದು ಎಂದು ಅಲ್ಲಿ ಹೇಳಲಿಲ್ಲ, ಅಡಗಿಸಬಾರದು ಎಂದರು. ಹಳೆಯ ದೋಣಿಗೂ ಅದೇ ನ್ಯಾಯ. ದೋಷವಿರುವ ದೋಣಿ ಮಾರುವುದು ತಪ್ಪಲ್ಲ. ದೋಷದ ಮೇಲೆ ಬಣ್ಣ ಬಳಿದು ಸುಮ್ಮನಿರುವುದು ತಪ್ಪು.

“ಮಾರುವವನೂ ಬಡವನೇ, ನಿಜ ಹೇಳಿದರೆ ಅವನಿಗೆ ಬೆಲೆ ಸಿಗುವುದಿಲ್ಲ” ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಕರುಣೆಯಿದೆ, ಆದರೆ ಲೆಕ್ಕ ತಪ್ಪಾಗಿದೆ. ಮುಚ್ಚಿಟ್ಟರೆ ಆ ನಷ್ಟ ಇಲ್ಲವಾಗುವುದಿಲ್ಲ, ಒಬ್ಬ ಬಡವನ ಖಾತೆಯಿಂದ ಇನ್ನೊಬ್ಬ ಬಡವನ ಖಾತೆಗೆ ಹೋಗುತ್ತದೆ. ಕೊಳ್ಳುವವನಿಗೂ ಇಲ್ಲಿ ಪಾಠವಿದೆ. ಅಲ್ ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸುವುದು ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರನ್ನು. ಚೆನ್ನಾಗಿರುವ ಎಂಜಿನ್ನನ್ನು “ಇದು ಗುಜರಿ” ಎಂದು ಹೀಗಳೆದು, ಮಗಳ ಮದುವೆಯ ಅವಸರದಲ್ಲಿರುವ ಮಾಲೀಕನಿಂದ ಅರ್ಧ ಬೆಲೆಗೆ ಕಿತ್ತುಕೊಂಡವನೂ ಅಳತೆಯಲ್ಲಿ ಮೋಸ ಮಾಡಿದವನೇ.

ಲೆಕ್ಕ ಏನು ಹೇಳುತ್ತದೆ?

ಒಂದು ಉದಾಹರಣೆ ನೋಡೋಣ. ಅಂಕಿಗಳು ವಿವರಿಸಲಿಕ್ಕಾಗಿ ಹಿಡಿದವು, ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ. ದೋಣಿ, ಎಂಜಿನ್ ಸೇರಿ 3,00,000 ರೂಪಾಯಿ. ಕಡಲಿಗೆ ಇಳಿಸುವ ಮುನ್ನ ರಿಪೇರಿ 60,000. ಬಲೆಗೆ 1,00,000. ಒಟ್ಟು 4,60,000. ಮೂರು ಲಕ್ಷದ ದೋಣಿ ಎಂದು ಹೊರಟದ್ದು ಇಲ್ಲಿಗೆ ಬಂದು ನಿಂತಿತು.

ಆರು ವರ್ಷ ಬಳಸಿ ಕೊನೆಗೆ 1,00,000ಕ್ಕೆ ಮಾರಿದಿರಿ ಎನ್ನೋಣ. ಆರು ವರ್ಷದಲ್ಲಿ ಸವೆದದ್ದು 3,60,000, ಅಂದರೆ ವರ್ಷಕ್ಕೆ 60,000. ವರ್ಷಕ್ಕೆ ರಿಪೇರಿ ಮತ್ತು ಬಲೆಯ ಖರ್ಚು 40,000 ಸೇರಿಸಿ. ಒಂದು ಲಕ್ಷವಾಯಿತು. ಹಬ್ಬ, ಬಿರುಗಾಳಿ, ಎಂಜಿನ್ ಕೆಟ್ಟ ದಿನಗಳನ್ನು ಕಳೆದು ವರ್ಷಕ್ಕೆ 160 ದಿನ ಕಡಲಿಗೆ ಹೋದರೆ, ದಿನಕ್ಕೆ 625 ರೂಪಾಯಿ ದೋಣಿಯ ಪಾಲು. ಎಣ್ಣೆ, ಐಸು, ಊಟದ ಖರ್ಚಿನ ಜೊತೆಗೆ ಇದನ್ನೂ ತೆಗೆದಿಟ್ಟ ಮೇಲೆ ಉಳಿಯುವುದಷ್ಟೇ ಹಂಚಿಕೊಳ್ಳುವ ಹಣ. ಒಂದು ದಿನ ಬಂಗುಡೆ ರಾಶಿ ಬಿದ್ದಿತೆಂದು ಎಲ್ಲವನ್ನೂ ಲಾಭ ಎಂದು ತಿಂದರೆ, ನೀವು ತಿನ್ನುತ್ತಿರುವುದು ದೋಣಿಯನ್ನೇ.

ಮಳೆಗಾಲವನ್ನೂ ಮರೆಯಬೇಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ ಇದ್ದರೂ, ಕಡಲು ಎಲ್ಲ ದಿನವೂ ದಾರಿ ಬಿಡುವುದಿಲ್ಲ. ದುಡಿಮೆಯಿಲ್ಲದ ದಿನಗಳಲ್ಲೂ ಮನೆಯ ಒಲೆ ಉರಿಯಬೇಕು.

ಕಡಲಿನ ನಷ್ಟ ಯಾರದು?

ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಹೀಗೆ ಯೋಚಿಸುತ್ತಾರೆ: “ಹಣ ನಾನು ಕೊಡುತ್ತೇನೆ, ತಮ್ಮ ದುಡಿಯಲಿ, ಮೀನು ಸಿಗಲಿ ಬಿಡಲಿ ತಿಂಗಳಿಗೆ ಹತ್ತು ಸಾವಿರ ಮನೆಗೆ ಕೊಡಲಿ.” ಇದರಲ್ಲಿ ಅವರಿಗೆ ಏನೂ ತಪ್ಪು ಕಾಣುವುದಿಲ್ಲ. ತಾವು ಬಿಸಿಲಿನಲ್ಲಿ ಸುರಿಸಿದ ಬೆವರಿನ ಹಣ, ಅದಕ್ಕೆ ಭದ್ರತೆ ಬೇಡವೇ? ಖಂಡಿತ ಬೇಕು. ಆದರೆ ಈ ಮಾತಿನಲ್ಲಿ ಏನು ನಡೆಯಿತು ನೋಡಿ. ಕಡಲಿನ ಅನಿಶ್ಚಿತತೆಯೆಲ್ಲ ತಮ್ಮನಿಗೆ, ನಿಶ್ಚಿತ ಹಣ ಅಣ್ಣನಿಗೆ.

ಸರಿಯಾದ ದಾರಿಗಳಿವೆ. ಸಾಲವಾಗಿ ಕೊಟ್ಟರೆ ಕೊಟ್ಟಷ್ಟೇ ಹಿಂದೆ ಪಡೆಯಬೇಕು, ಮೇಲೆ ಒಂದು ರೂಪಾಯಿ ಕೇಳಿದರೂ ಅದು ಬಡ್ಡಿ. ದೋಣಿ ನಿಮ್ಮದಾಗಿದ್ದು ಬಾಡಿಗೆಗೆ ಕೊಟ್ಟರೆ ನಿಗದಿತ ಬಾಡಿಗೆ ಪಡೆಯಬಹುದು. ಆದರೆ ಆಗ ತಮ್ಮನ ತಪ್ಪಿಲ್ಲದೆ ದೋಣಿ ಒಡೆದರೆ ಆ ನಷ್ಟ ಮಾಲೀಕರಾದ ನಿಮ್ಮದು, ದೋಣಿ ಬಳಸಲಾಗದ ದಿನಗಳಿಗೆ ಬಾಡಿಗೆಯೂ ಇಲ್ಲ. ಇಬ್ಬರೂ ಬಂಡವಾಳ ಹಾಕಿ ಪಾಲುದಾರರಾದರೆ ನಷ್ಟ ಅವರವರ ಬಂಡವಾಳದ ಪ್ರಮಾಣದಂತೆ. ವಿವರಗಳನ್ನು ಊರಿನ ಉಸ್ತಾದರ ಬಳಿ ಕೇಳಿ ಖಚಿತಪಡಿಸಿಕೊಳ್ಳಿ. ಮೂರರಲ್ಲೂ ತತ್ವ ಒಂದೇ: ಫಲ ಬೇಕೆನ್ನುವವನು ಅಪಾಯದ ಪಾಲನ್ನೂ ಹೊರಬೇಕು.

ಯಾವ ದಾರಿ ಹಿಡಿದರೂ ಬರೆದಿಡಿ. “ಸ್ವಂತ ತಮ್ಮನ ಜೊತೆ ಕಾಗದವೇ?” ಎಂದು ನಾಚಬೇಡಿ. ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ ಇದೆ. ಕಾಗದ ಇರುವುದು ಅಪನಂಬಿಕೆಯಿಂದಲ್ಲ, ನಾಳೆ ನೆನಪು ಇಬ್ಬರಿಗೂ ಬೇರೆ ಬೇರೆಯಾದೀತು ಎಂಬ ಕಾರಣಕ್ಕೆ. ಇಂಥ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನೀವೂ ಕಂಡಿದ್ದೀರಿ.

ದೋಣಿ ಹತ್ತುವವರು ಯಾರು?

ಇದು ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ನಾವು ಜುಬೈಲಿನಲ್ಲೋ ದುಬೈಯಲ್ಲೋ ರೂಮಿನಲ್ಲಿ ಕುಳಿತು “ಈ ವರ್ಷ ಹಾಗೇ ಓಡಿಸು, ಹಲಗೆ ಮುಂದಿನ ವರ್ಷ ಬದಲಿಸೋಣ” ಎನ್ನುತ್ತೇವೆ. ಉಳಿದ ಹಣ ನಮ್ಮದು. ನಸುಕಿನಲ್ಲಿ ಆ ಹಲಗೆಯನ್ನು ನಂಬಿ ಅಳಿವೆ ದಾಟುವವರು ಬೇರೆ. ತಮ್ಮನ ಜೊತೆ ಎರಡು ಮೂರು ಕಲಾಸಿಗಳು ಇರುತ್ತಾರೆ. ದೋಣಿಯ ವ್ಯವಹಾರದಲ್ಲಿ ಅವರನ್ನು ಯಾರೂ ಕೇಳಿಲ್ಲ. ಅವರಿಗೂ ಮನೆ, ಮಕ್ಕಳು ಇದ್ದಾರೆ.

ನೀವು ಕೆಲಸ ಮಾಡುವ ಜಾಗದಲ್ಲಿ ಸರಿಯಿಲ್ಲದ ಸ್ಕ್ಯಾಫೋಲ್ಡಿಂಗ್ ಹತ್ತಲು ಹೇಳಿದರೆ ನಿಮಗೆ ಹೇಗನಿಸುತ್ತದೆ? ದೋಣಿಯ ಮಾಲೀಕನಾದ ದಿನ ನೀವೂ ಒಬ್ಬ ಧಣಿ. ಲೈಫ್ ಜಾಕೆಟ್, ಇನ್ಶೂರೆನ್ಸ್, ಗಟ್ಟಿ ಹಲಗೆ ಇವುಗಳನ್ನು ಬೆಲೆಯ ಜೊತೆಗೇ ಸೇರಿಸಿ. ಅವನ್ನು ಸೇರಿಸಿದಾಗ ದೋಣಿ ಕೈಗೆ ಎಟುಕದಿದ್ದರೆ, ಆ ದೋಣಿ ನಿಮಗೆ ಎಟುಕುವುದಿಲ್ಲ ಎಂದೇ ಅರ್ಥ. ನಾನೇ ಹತ್ತಲು, ನನ್ನ ಮಗನನ್ನು ಹತ್ತಿಸಲು ಹಿಂಜರಿಯುವ ದೋಣಿ ಎಷ್ಟು ಅಗ್ಗವಾದರೂ ದುಬಾರಿಯೇ.

ದೋಣಿ ಇದ್ದೂ ಬಡವರು

ಶುಕ್ರವಾರ ನಾವು ಓದುವ ಅಲ್ ಕಹ್ಫ್ ಅಧ್ಯಾಯದಲ್ಲಿ ಒಂದು ದೋಣಿ ಬರುತ್ತದೆ. ಅದು ಕಡಲಿನಲ್ಲಿ ದುಡಿಯುವ ಕೆಲವು ಬಡವರದು. ದೋಣಿಗಳನ್ನು ಕಿತ್ತುಕೊಳ್ಳುವ ರಾಜನ ಕಣ್ಣಿಗೆ ಬೀಳದಿರಲೆಂದು ಅದಕ್ಕೊಂದು ಊನ ಮಾಡಲಾಗುತ್ತದೆ. ಅಲ್ಲಿ ದೋಣಿಯ ಮಾಲೀಕರನ್ನು ‘ಮಸಾಕೀನ್’ ಎಂದೇ ಕರೆಯಲಾಗಿದೆ. ನಮ್ಮ ಕರಾವಳಿಯವರು ಹೆಚ್ಚಾಗಿ ಅನುಸರಿಸುವ ಶಾಫಿ ಮದ್ಹಬಿನ ವಿದ್ವಾಂಸರು ಇದನ್ನೇ ಆಧಾರವಾಗಿ ತೋರಿಸಿ, ಮಿಸ್ಕೀನ್ ಎಂದರೆ ಏನೋ ಸ್ವಲ್ಪ ಇದ್ದೂ ಸಾಲದವನು ಎನ್ನುತ್ತಾರೆ. ಹಾಗಾಗಿ ಝಕಾತ್ ಹಂಚುವಾಗ “ಅವನಿಗೇನು, ದೋಣಿ ಇದೆಯಲ್ಲ” ಎಂದು ಹೇಳುವ ಮುನ್ನ ಯೋಚಿಸಿ. ದುಡಿಯುವ ದೋಣಿಯ ಬೆಲೆಯ ಮೇಲೆ ಝಕಾತ್ ಇಲ್ಲ, ಅದು ಬಡಗಿಯ ಉಳಿಯಂತೆ ಒಂದು ಸಲಕರಣೆ. ಅದರಿಂದ ಬಂದು ವರ್ಷ ತುಂಬುವವರೆಗೆ ಉಳಿದ ಹಣ ನಿಸಾಬ್ ಮುಟ್ಟಿದರೆ ಅದಕ್ಕೆ ಝಕಾತ್ ಇದೆ. ಮಾರಲೆಂದೇ ಕೊಂಡಿಟ್ಟ ದೋಣಿ ವ್ಯಾಪಾರದ ಸರಕು, ಅದರ ಲೆಕ್ಕ ಬೇರೆ.

ಆ ದೋಣಿಯಲ್ಲಿ ಊನ ಕಣ್ಣಿಗೆ ಕಾಣುವಂತಿತ್ತು, ಅದರಿಂದಲೇ ಬಡವರ ಬದುಕು ಉಳಿಯಿತು. ನಮ್ಮ ಧಕ್ಕೆಯಲ್ಲಿ ಊನವನ್ನು ಬಣ್ಣದ ಕೆಳಗೆ ಮುಚ್ಚುತ್ತೇವೆ, ಬಡವರ ಬದುಕು ಮುಳುಗುತ್ತದೆ.

ಆದ್ದರಿಂದ ಸಹೋದರರೇ, “ನಾಳೆಯೊಳಗೆ ಅಡ್ವಾನ್ಸ್” ಎಂಬ ಮಾತಿಗೆ ಬೆದರಬೇಡಿ. ತಟ್ಟಿ ನೋಡಿಸಿ, ಲೆಕ್ಕ ಹಾಕಿ, ಬರೆದಿಡಿ, ಹತ್ತುವವರನ್ನು ಕೇಳಿ. ಎಲ್ಲ ಸರಿಯಿದ್ದರೆ ಬಿಸ್ಮಿಲ್ಲಾ ಹೇಳಿ ಕೊಳ್ಳಿ. ಸರಿಯಿಲ್ಲದಿದ್ದರೆ ಬಿಟ್ಟುಬಿಡಿ. ಕಡಲಿನಲ್ಲಿ ಮೀನು ಮುಗಿದಿಲ್ಲ, ಧಕ್ಕೆಯಲ್ಲಿ ದೋಣಿಗಳೂ ಮುಗಿದಿಲ್ಲ. ಕೊಳ್ಳುವವನೂ ಮಾರುವವನೂ ನಿಜ ಹೇಳಿದ ವ್ಯವಹಾರದಲ್ಲಿ ಬರಕತ್ ಇದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಆ ಬರಕತ್ತನ್ನು ಕೊಡಲಿ, ಕಡಲಿಗೆ ಹೋದ ಪ್ರತಿಯೊಬ್ಬನನ್ನೂ ಕ್ಷೇಮವಾಗಿ ದಡ ಸೇರಿಸಲಿ. ಆಮೀನ್.