ಏನೂ ಆಗ್ಲಿಲ್ವಲ್ಲ

ಚೈತ್ರದಲ್ಲಿ ಬೆಂಗಳೂರಿಗೆ ಬೀಳೋ ಮೊದಲ ಮಳೆಗೆ ಕಾಯದವರು ಯಾರು ಹೇಳಿ. ಮಧ್ಯಾಹ್ನ ಮೂರರವರೆಗೂ ತಲೆ ಸುಡೋ ಬಿಸಿಲು, ನಾಲ್ಕಕ್ಕೆ ಮೋಡ, ಐದೂವರೆಗೆ ಗುಡುಗು. ಊರಲ್ಲಿ ಹಿರಿಯರು ಅಶ್ವಿನಿ ಬಂತಾ, ಭರಣಿ ಹೇಗಿರುತ್ತೋ ಅಂತ ನಕ್ಷತ್ರದ ಲೆಕ್ಕ ಹಾಕ್ತಿರ್ತಾರೆ. ನಾವಿಲ್ಲಿ ಲ್ಯಾಪ್‌ಟಾಪ್ ಮುಚ್ಚಿ, ಮಳೆ ಜೋರಾಗೋದ್ರೊಳಗೆ ಮನೆ ಸೇರ್ಕೋಬೇಕು ಅಂತ ಹೆಲ್ಮೆಟ್ ಹುಡುಕ್ತಿರ್ತೀವಿ.

ತಮಾಷೆ ಏನಂದ್ರೆ, ರಸ್ತೆ ಅತಿ ಹೆಚ್ಚು ಜಾರೋದು ಆ ಹೊತ್ತಲ್ಲೇ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಇಂಜಿನ್ನುಗಳಿಂದ ತೊಟ್ಟಿಕ್ಕಿದ ಆಯಿಲ್, ಟೈರು ಸವೆದ ರಬ್ಬರಿನ ಪುಡಿ, ಧೂಳು ಎಲ್ಲ ಕೂತಿರುತ್ತೆ. ಮಳೆ ರಪರಪ ಸುರಿದರೆ ಅದೆಲ್ಲ ಕೊಚ್ಚಿಕೊಂಡು ಹೋಗುತ್ತೆ. ಆದರೆ ಮೊದಲ ಹತ್ತಿಪ್ಪತ್ತು ನಿಮಿಷದ ತುಂತುರಿಗೆ ಅದನ್ನು ತೊಳೆಯೋ ಶಕ್ತಿ ಇಲ್ಲ, ಕಲಸಿ ಲೇಪ ಮಾಡೋ ಶಕ್ತಿ ಮಾತ್ರ ಇದೆ. ಅದರ ಮೇಲೆ ನಮ್ಮ ವಸಂತದ ಕೊಡುಗೆಗಳು: ಹೊಂಗೆ ಮರದ ಕೆಳಗೆ ಹಾಸಿದ ಹೂವು, ಮಳೆಮರದಿಂದ ಉದುರಿ ಚಕ್ರಕ್ಕೆ ಸಿಕ್ಕು ಅಂಟಂಟಾದ ಕಾಯಿ. ಫೋಟೋಕ್ಕೆ ಚೆಂದ, ಸ್ಕೂಟರಿಗಲ್ಲ. ಜೀಬ್ರಾ ಪಟ್ಟಿಯ ಬಿಳಿ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿ ನಡೆಯೋ ಕಡೆ ಗುಂಡಿಯ ಮೇಲೆ ಹಾಸಿದ ಕಬ್ಬಿಣದ ಹಲಗೆ, ಇವುಗಳ ಮೇಲೆ ಬ್ರೇಕ್ ಹಿಡಿದು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

60 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದಿನ ಗಾಡಿಯ ಕೆಂಪು ದೀಪ ಕಂಡು ನಮ್ಮ ಕಾಲು ಬ್ರೇಕಿಗೆ ಹೋಗೋದ್ರೊಳಗೆ ಅಷ್ಟು ದೂರ ಮುಗಿದಿರುತ್ತೆ. ಬ್ರೇಕಿನ ಕೆಲಸ ಶುರುವಾಗೋದೇ ಆಮೇಲೆ. ಬ್ರಿಟನ್ನಿನ ಹೈವೇ ಕೋಡ್ ಒಣ ರಸ್ತೆಯಲ್ಲಿ ಮುಂದಿನ ಗಾಡಿಯಿಂದ ಎರಡು ಸೆಕೆಂಡಿನಷ್ಟು ಅಂತರ ಬಿಡಿ, ಒದ್ದೆ ರಸ್ತೆಯಲ್ಲಿ ಕನಿಷ್ಠ ಅದರ ದುಪ್ಪಟ್ಟು ಬಿಡಿ ಅನ್ನುತ್ತೆ. ನಮ್ಮ ರಿಂಗ್ ರೋಡಲ್ಲಿ ನಾಲ್ಕು ಸೆಕೆಂಡಿನ ಜಾಗ ಬಿಟ್ಟರೆ ಅದರೊಳಗೆ ಎರಡು ಆಟೋ, ಒಂದು ಟೆಂಪೋ ಬಂದು ಕೂತಿರ್ತವೆ, ಆ ಮಾತು ಬೇರೆ.

ಇಷ್ಟೆಲ್ಲ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿದ್ದೂ ಜೋರಾಗಿ ಹೋದವರನ್ನ ಕೇಳಿದ್ರೆ ಒಂದು ಉತ್ತರ ಬರುತ್ತೆ: "ಏನೂ ಆಗ್ಲಿಲ್ವಲ್ಲ!" ಈ ಉತ್ತರ ನನ್ನನ್ನ ಬಹಳ ದಿನದಿಂದ ಕಾಡ್ತಿದೆ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಅನ್ನೋ ಇಬ್ಬರು ತತ್ವಜ್ಞಾನಿಗಳು 'ಮಾರಲ್ ಲಕ್' ಅನ್ನೋ ಒಂದೇ ಹೆಸರಲ್ಲಿ ಎರಡು ಪ್ರಬಂಧ ಬರೆದರು. ನೈತಿಕತೆಯಲ್ಲೂ ಅದೃಷ್ಟಕ್ಕೆ ಪಾಲಿದೆಯಾ ಅನ್ನೋದು ಪ್ರಶ್ನೆ. ಅದನ್ನ ನಮ್ಮ ರಸ್ತೆಗೆ ತಂದು ನೋಡಿ. ಇಬ್ಬರು ಒಂದೇ ಸಂಜೆ, ಒಂದೇ ಸವೆದ ಟೈರಲ್ಲಿ, ಒಂದೇ ವೇಗದಲ್ಲಿ, ಒಂದೇ ತಿರುವಲ್ಲಿ ಜಾರ್ತಾರೆ. ಒಬ್ಬನ ಎದುರು ಖಾಲಿ ರಸ್ತೆ. ಎದೆ ಡವಡವ ಅಂದು, ಮನೆಗೆ ಹೋಗಿ ಕಾಫಿ ಕುಡೀತಾನೆ. ಇನ್ನೊಬ್ಬನ ಎದುರು ಟ್ಯೂಷನ್ ಮುಗಿಸಿ ಕೊಡೆ ಹಿಡಿದು ದಾಟ್ತಿರೋ ಹುಡುಗಿ. ಇಬ್ಬರೂ ಮಾಡಿದ್ದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆದರೆ ಕಾನೂನಿನ ಕಣ್ಣಲ್ಲಿ ಇದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಪ್ರಕಾರ ಅಜಾಗರೂಕ ಚಾಲನೆಗೆ ಹೆಚ್ಚೆಂದರೆ ಆರು ತಿಂಗಳು, ಅದೂ ಯಾರಾದರೂ ಹಿಡಿದರೆ. ಅದೇ ಅಜಾಗರೂಕತೆಯಿಂದ ಜೀವ ಹೋದರೆ 106ನೇ ಸೆಕ್ಷನ್, ಐದು ವರ್ಷದವರೆಗೆ.

ಕಾನೂನು ಹಾಗಿರೋದಕ್ಕೆ ನನ್ನ ತಕರಾರಿಲ್ಲ. ಆಗಿದ್ದನ್ನ ಅದು ಅಳೆಯಲೇಬೇಕು, ಸತ್ತವರ ಮನೆಯವರಿಗೆ ಉತ್ತರ ಕೊಡಬೇಕು. ನನ್ನ ತಕರಾರು ಕಾಫಿ ಕುಡೀತಿರೋ ಮೊದಲನೆಯವನ ಬಗ್ಗೆ. ಆ ಹುಡುಗಿ ಅಲ್ಲಿ ಇರಲಿಲ್ಲ ಅನ್ನೋದರಲ್ಲಿ ಅವನ ಸಾಧನೆ ಏನೂ ಇಲ್ಲ. ಆದರೂ ಅವನದನ್ನ ತನ್ನ ಕೌಶಲದ ಲೆಕ್ಕಕ್ಕೆ ಬರೆದುಕೊಳ್ತಾನೆ: "ನಂಗೆ ಕಂಟ್ರೋಲ್ ಇದೆ." ಪ್ರತಿ ವರ್ಷ ಹೀಗೇ ಬರೆದುಕೊಂಡು ಅವನ ಧೈರ್ಯ ಬೆಳೆಯುತ್ತೆ, ಟೈರು ಸವೆಯುತ್ತೆ. ಅಪಘಾತ ಆದರೆ ಗ್ರಹಚಾರ, ಆಗದಿದ್ದರೆ ನನ್ನ ಚಾಲಾಕಿ. ಈ ಲೆಕ್ಕ ಯಾವ ಆಡಿಟರೂ ಒಪ್ಪಲ್ಲ.

ವಿಲಿಯಮ್ಸ್ ಇನ್ನೊಂದು ಮಾತು ಹೇಳ್ತಾರೆ, ಅದು ನಂಗೆ ಇನ್ನೂ ಸೂಕ್ಷ್ಮ ಅನ್ಸುತ್ತೆ. ಯಾವ ತಪ್ಪೂ ಮಾಡದ ಲಾರಿ ಡ್ರೈವರ್ ಒಬ್ಬನ ಗಾಡಿಗೆ ಮಗು ಸಿಕ್ಕಿತು ಅಂತಿಟ್ಕೊಳ್ಳಿ. ನಾವೆಲ್ಲ ಅವನ ಹೆಗಲ ಮೇಲೆ ಕೈಯಿಟ್ಟು "ನಿಂದೇನೂ ತಪ್ಪಿಲ್ಲ ಬಿಡಪ್ಪಾ" ಅಂತೀವಿ. ಆದರೆ ಅವನು ತಕ್ಷಣ "ಹೌದಲ್ವಾ!" ಅಂತ ಸಲೀಸಾಗಿ ಎದ್ದು ಹೋದರೆ ನಮಗೇ ಕಸಿವಿಸಿ ಆಗುತ್ತೆ. ತಪ್ಪಿಲ್ಲದವನಿಂದಲೇ ನಾವು ಇಷ್ಟು ನಿರೀಕ್ಷೆ ಮಾಡುವಾಗ, ತಪ್ಪಿದ್ದೂ ಬಚಾವಾದವನಿಂದ ಒಂದು ಗಳಿಗೆಯ ಬೆವರನ್ನಾದರೂ ಯಾಕೆ ಕೇಳಬಾರದು?

"ರಸ್ತೆ ಸರಿ ಇದ್ದಿದ್ರೆ ಯಾಕೆ ಜಾರ್ತಿತ್ತು? ಪಾಲಿಕೆಯವರನ್ನ ಕೇಳಿ" ಅಂತ ನೀವನ್ನಬಹುದು. ಕೇಳಲೇಬೇಕು, ಬಿಡಬಾರದು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನಿಂತ ಮಳೆನೀರಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಸತ್ತಳು. ರಾಜಧಾನಿಯ ನಡುಮಧ್ಯೆ, ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ. ಅಂಥ ನೀರು ಅಲ್ಲಿ ನಿಂತದ್ದಕ್ಕೆ ಉತ್ತರ ಹೇಳಬೇಕಾದವರು ಬೇರೆಯೇ ಇದ್ದಾರೆ. ಆದರೆ ಹೊಣೆ ಅನ್ನೋದು ಹೋಟೆಲ್ ಬಿಲ್ಲಿನ ಥರ ಅಲ್ಲ, ಜನ ಹೆಚ್ಚಾದಷ್ಟೂ ತಲೆಗೆ ಬೀಳೋ ಪಾಲು ಕಡಿಮೆ ಆಗೋಕೆ. ರಸ್ತೆ ಕೆಟ್ಟಿದೆ ಅಂತ ಗೊತ್ತಿದ್ದವನಿಗೆ ನಿಧಾನ ಹೋಗೋ ಕಾರಣ ಹೆಚ್ಚೇ ಆಯ್ತಲ್ಲ.

ಹುಷಾರಿನಲ್ಲೂ ಎರಡು ಥರ ಇದೆ. ಮಳೆ ಶುರುವಾದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿಣಿಮಿಣಿ ಮಾಡ್ಕೊಂಡು ಅದೇ ವೇಗದಲ್ಲಿ ಹೋಗೋರನ್ನ ನೋಡಿರ್ತೀರಿ. ಅವರು ಎಡಕ್ಕೆ ಹೋಗ್ತಾರೋ ಬಲಕ್ಕೋ ಹಿಂದಿನವನಿಗೆ ಗೊತ್ತಾಗಲ್ಲ. ಫ್ಲೈಓವರ್ ಕೆಳಗೆ ಬೈಕ್ ನಿಲ್ಲಿಸಿ ಮಳೆ ನಿಲ್ಲೋದನ್ನ ಕಾಯೋದು ಜಾಣತನವೇ. ಆದರೆ ಮೂವತ್ತು ಬೈಕು ಸೇರಿ ಒಂದೂವರೆ ಲೇನ್ ಮುಚ್ಚಿದಾಗ, ಅವರು ತಪ್ಪಿಸಿಕೊಂಡ ಅಪಾಯ ಪಕ್ಕದಲ್ಲಿ ನುಸುಳೋ ಬಸ್ಸಿನ ಪಾಲಿಗೆ ಹೋಗಿರುತ್ತೆ. ಪಾದಚಾರಿಯ ಮೈಮೇಲೆ ಕೆಸರು ಹಾರಿಸಬಾರದು ಅಂತ ಗುಂಡಿ ಹತ್ತಿರ ವೇಗ ಇಳಿಸೋನು ನನಗೆ ಇವರೆಲ್ಲರಿಗಿಂತ ದೊಡ್ಡವನಾಗಿ ಕಾಣ್ತಾನೆ. ಅವನಿಗೆ ಅದರಿಂದ ಮೂರು ಕಾಸಿನ ಲಾಭ ಇಲ್ಲ.

ಸ್ಟಿಯರಿಂಗ್ ಹಿಡಿಯದವರ ಪಾಲೂ ಇದೆ, ಮತ್ತು ನಮ್ಮಂಥವರಿಗೆ ಹೆಚ್ಚು ಅನ್ವಯ ಆಗೋದು ಅದೇ. ಹೋದ ಏಪ್ರಿಲ್‌ನಲ್ಲಿ ಏರ್‌ಪೋರ್ಟಿಗೆ ಹೊರಟಿದ್ದೆ. ಹೆಬ್ಬಾಳ ದಾಟಿದ ಮೇಲೆ ಹನಿ ಶುರುವಾಯ್ತು. ಡ್ರೈವರ್ "ಫ್ಲೈಟ್ ಎಷ್ಟೊತ್ತಿಗೆ ಸಾರ್?" ಅಂತ ಕೇಳಿ, ಟೈಮ್ ಹೇಳಿದ ಕೂಡಲೇ ಕಾಲು ಒತ್ತಿದರು. ಅವರಿಗೆ ಅವಸರ ಇರಲಿಲ್ಲ. ನನ್ನ ಅವಸರವನ್ನ ಅವರು ಬಾಡಿಗೆಗೆ ತಗೊಂಡಿದ್ದರು. "ನಿಧಾನಕ್ಕೆ ಹೋಗಿ ಅಣ್ಣಾ, ಮಿಸ್ಸಾದ್ರೆ ಆಗ್ಲಿ" ಅಂದೆ. ವೇಗ ಇಳಿಸಿದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಅವರು ನಕ್ಕು ಅಂದರು: "ನೀವು ಹೇಳಿದ್ರಿ, ಆಯ್ತು. ಆದ್ರೆ ಲೇಟಾಯ್ತು ಅಂತ ಒಂದು ಸ್ಟಾರ್ ಕೊಡೋರೇ ಜಾಸ್ತಿ ಸಾರ್. ನಿಧಾನ ಹೋದ ಅಂತ ಐದು ಕೊಟ್ಟೋರನ್ನ ನಾನು ನೋಡಿಲ್ಲ."

ಅದೇ ಹನಿ ಬೀಳೋ ಹೊತ್ತಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತವರಿಗೆ ಬಜ್ಜಿ ತಿನ್ನೋ ಆಸೆ ಆಗುತ್ತೆ, ಮನೇಲಿ ಕಡ್ಲೆಹಿಟ್ಟು ಇರಲ್ಲ. ಹತ್ತು ನಿಮಿಷಕ್ಕೆ ತಂದುಕೊಡೋ ಹುಡುಗ ಇದ್ದಾನೆ. ಆರ್ಡರ್ ಮಾಡಿದರೆ ಒದ್ದೆ ಹೊಂಗೆ ಹೂವಿನ ಮೇಲೆ ಅವನ ಚಕ್ರ. ಮಾಡದಿದ್ದರೆ ಅವನ ಆ ದಿನದ ಸಂಪಾದನೆಗೆ ಕತ್ತರಿ. ಇದನ್ನ ನಾನೊಮ್ಮೆ ನಮ್ಮ ಗೇಟಿನ ಹತ್ತಿರ ರೇನ್‌ಕೋಟ್ ಕೊಡವುತ್ತಿದ್ದ ಹುಡುಗನಿಗೇ ಕೇಳಿದೆ: "ಮಳೇಲಿ ಆರ್ಡರ್ ಮಾಡದೇ ಇದ್ರೆ ನಿಮಗೆ ಒಳ್ಳೇದಾ?"

"ಮಾಡಿ ಸಾರ್, ಮಾಡ್ಬೇಡಿ ಅಂತ ಯಾರಂದ್ರು?" ಅಂದ. "ಎಲ್ಲಿದ್ದೀಯ, ಎಲ್ಲಿದ್ದೀಯ ಅಂತ ಫೋನ್ ಮಾಡ್ಬೇಡಿ. ಗಾಡಿ ಓಡಿಸ್ಕೊಂಡೇ ಎತ್ಬೇಕಾಗುತ್ತೆ."